ಕಳಚದೆ ಉಳಿದ ವೇಷ

೨೦೫೮ನೇ ಇಸವಿಯ ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ೯ ಗಂಟೆ ೧೪ ನಿಮಿಷಕ್ಕೆ ನೆಲ್ಲಿಕೋಡಿ ಬಂದರಿನ ಗುಲಾಬಿ ಮೊಗವೀರರ ಅಡುಗೆಮನೆಯಲ್ಲಿ, ಏಳು ವರ್ಷಗಳಿಂದ ಆರಿದ್ದ ದೀಪವೊಂದು ಹಸಿರಾಗಿ ಹೊತ್ತಿಕೊಂಡಿತು.

ಗುಲಾಬಕ್ಕ ಆಗ ಮೆಟ್ಟುಕತ್ತಿಯ ಮುಂದೆ ಕೂತು ಬೈಗೆ ಮೀನು ಕೊಯ್ಯುತ್ತಿದ್ದರು. ಮೀನಿನ ಹೊಳಪಿನ ಮೇಲೆ ಇನ್ನೊಂದು ಹೊಳಪು ಬಿದ್ದಂತಾಗಿ ತಲೆ ಎತ್ತಿದರು. ದೇವರ ಪಟದ ಪಕ್ಕ, ಗೋಡೆಯ ಮೇಲಿನ ದೀಪ ಉರಿಯುತ್ತಿತ್ತು. ಅದರ ಕೆಳಗಿನ ಪುಟ್ಟ ಕಿಂಡಿಯಲ್ಲಿ ಒಂದು ಅಂಕಿ ಮೂಡಿತ್ತು: ೭೪.

ಅವರು ಕೂಗಲಿಲ್ಲ. ಎದ್ದು ಹುಣಸೆಹಣ್ಣು ಹಾಕಿ ಕೈ ತೊಳೆದರು. ಮೀನಿನ ವಾಸನೆ ಹೋಯಿತೇ ಎಂದು ಮೂಸಿ ನೋಡಿ ಮತ್ತೆ ತೊಳೆದರು. ಮಣೆ ಇಟ್ಟು, ಅದರ ಮೇಲೆ ಹತ್ತಿ, ಸೀರೆಯ ಸೆರಗಿನಿಂದ ದೀಪದ ಧೂಳು ಒರೆಸಿದರು. ಆಮೇಲಷ್ಟೇ ಸೊಸೆಯನ್ನು ಕರೆದರು.

"ಶಶೀ, ಇಲ್ ಬಾ ಕಾಣ್."

ಶಶಿಕಲಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಲುಂಗಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದವಳು ಹೊಸ್ತಿಲಲ್ಲಿ ನಿಂತುಬಿಟ್ಟಳು.

"ಸುಧಾಕರ," ಎಂದರು ಗುಲಾಬಕ್ಕ. "ಎಪ್ಪತ್ನಾಲ್ಕ್ ಹೊಡಿತಾ ಇತ್ತ್ ಅವ್ನ್ ಎದಿ."

ಲುಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಭಟ್ರಿಗೆ ಹೇಳ್, ಭಾನುವಾರ ಬಪ್ಪುದ್ ಬ್ಯಾಡ ಅಂತ," ಎಂದರು ಗುಲಾಬಕ್ಕ. ಬರುವ ಭಾನುವಾರ ಅವರ ಮಗ, ಶಶಿಕಲಾಳ ಗಂಡ ಸುಧಾಕರನ ಉತ್ತರಕ್ರಿಯೆ ನಡೆಯುವುದಿತ್ತು.

ಈ ದೀಪಗಳು ಕರಾವಳಿಯ ಮನೆಗಳಿಗೆ ಬಂದು ಹದಿನೈದು ವರ್ಷ ಕಳೆದಿದ್ದವು. ಕಡಲಿಗೆ ಹೋಗುವ ಪ್ರತಿಯೊಬ್ಬನ ಕೊರಳಿಗೆ ಹುಣಸೆಬೀಜದಷ್ಟು ದೊಡ್ಡ ಮಣಿಯೊಂದನ್ನು ಕಟ್ಟಲಾಗುತ್ತಿತ್ತು. ಮಣಿ ಅವನ ನಾಡಿಯನ್ನು ಅಳೆಯುತ್ತದೆ; ದೋಣಿಯ ಮೇಲಿನ ಆಂಟೆನಾ ಹತ್ತು ನಿಮಿಷಕ್ಕೊಮ್ಮೆ ಆ ಅಂಕಿಯನ್ನೂ ದೋಣಿ ಇರುವ ಜಾಗವನ್ನೂ ಉಪಗ್ರಹದ ಮೂಲಕ ಇಡೀ ಕರಾವಳಿಗೆ ಸೇರಿದ ಒಂದೇ ಡೇಟಾಬೇಸಿಗೆ ಕಳಿಸುತ್ತದೆ. ಅಲ್ಲಿಂದ ಅದನ್ನು ಕೇಳಿ ಪಡೆದು ಮನೆಮನೆಯ ದೀಪಕ್ಕೆ ಹಂಚುವುದು ಆಯಾ ಬಂದರಿನ ನಿಯಂತ್ರಣ ಕೊಠಡಿಯ ಕೆಲಸ. ಜೀವ ಇದ್ದರೆ ಹಸಿರು. ಸುದ್ದಿ ಬಾರದಿದ್ದರೆ ಹಳದಿ. ಮಣಿ ಮೈಮೇಲಿದ್ದೂ ನಾಡಿ ನಿಂತರೆ ಕೆಂಪು. ಆ ಹೆಸರಿನ ದಾಖಲೆಯೇ ಇಲ್ಲದಿದ್ದರೆ ದೀಪ ಉರಿಯುವುದಿಲ್ಲ.

ದೀಪ ಬಂದ ಮೇಲೆ ಊರಿನ ಅಭ್ಯಾಸಗಳು ಬದಲಾದವು. ಸಂಜೆ ಅಳಿವೆಯ ಬಾಯಲ್ಲಿ ನಿಂತು ದೋಣಿ ಎಣಿಸುತ್ತಿದ್ದ ಹೆಂಗಸರು ಅಲ್ಲಿಗೆ ಹೋಗುವುದನ್ನು ಬಿಟ್ಟರು. ಅವರು ಕೂರುತ್ತಿದ್ದ ಚಪ್ಪರ ಒಂದು ಮಳೆಗಾಲದಲ್ಲಿ ಬಿದ್ದುಹೋಯಿತು. ಯಾರೂ ಎತ್ತಿ ಕಟ್ಟಲಿಲ್ಲ. ಹೊಸದಾಗಿ ಮದುವೆಯಾದವರು ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡರು. ಮನೆಗೆ ಬಂದ ಗಂಡನನ್ನು ಮೀನಿನ ರೇಟು ಕೇಳುವ ಮೊದಲು, "ಮಧ್ಯಾಹ್ನ ನಿಮ್ ಎದಿ ನೂರಾ ಹತ್ತ್ ಹೊಡಿತಿತ್ತಲೆ, ಇಸ್ಪೀಟಂಗೆ ಸೋತ್ರ್ಯಾ?" ಎಂದು ಕೇಳುವ ಹೆಂಡತಿಯರು ಹುಟ್ಟಿಕೊಂಡರು. ದೇವರಿಗೆ ಹೂವಿಟ್ಟ ಕೈ ದೀಪಕ್ಕೂ ಒಂದು ಹೂವಿಡುತ್ತಿತ್ತು.

ಮನೆಯಲ್ಲಿ ಸಾವಾದರೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮಾರನೇ ದಿನ ದೀಪವನ್ನು ಕಚೇರಿಗೆ ಮರಳಿಸಬೇಕು. ೨೦೫೧ರಲ್ಲಿ 'ಜಲದುರ್ಗಾ' ದೋಣಿ ಮುಳುಗಿದಾಗ ಅದರಲ್ಲಿದ್ದ ಮೂವರಲ್ಲಿ ಇಬ್ಬರ ದೇಹ ದಡಕ್ಕೆ ಬಂತು. ಆ ಎರಡು ಮನೆಗಳ ದೀಪಗಳೂ ಮರಳಿ ಬಂದವು, ದೋಣಿಯ ದಾಖಲೆಯನ್ನು ಡೇಟಾಬೇಸಿನಿಂದ ತೆಗೆದುಹಾಕಲಾಯಿತು. ಸುಧಾಕರ ಸಿಗಲಿಲ್ಲ. ಸಿಗದವನಿಗೆ ಬೊಜ್ಜ ಮಾಡಲು ತಾಯಿ ಒಪ್ಪಲಿಲ್ಲ. ಬೊಜ್ಜವೇ ಆಗದ ಮನೆಗೆ ಹೋಗಿ ದೀಪ ಕೊಡಿ ಎಂದು ಕೇಳುವ ಮುಖ ಯಾರಿಗೂ ಇರಲಿಲ್ಲ.

*

ನಿಯಂತ್ರಣ ಕೊಠಡಿ ಎಂದರೆ ಐಸ್ ಪ್ಲಾಂಟಿನ ಮಹಡಿಯ ಮೇಲಿನ ಎರಡು ಕೋಣೆ. ಅಲ್ಲಿಗೆ ಇಬ್ಬರೇ ಸಿಬ್ಬಂದಿ: ಮೇಲ್ವಿಚಾರಕ ಫ್ರಾನ್ಸಿಸ್ ರೆಬೆಲ್ಲೋ ಮತ್ತು ತಂತ್ರಾಂಶ ನೋಡಿಕೊಳ್ಳುವ ವಿನುತಾ ಶೇರೆಗಾರ್. ವಿನುತಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅಳೆಯದ ಯಾವುದನ್ನೂ ನಂಬಬಾರದು ಎಂದು ಕಲಿತವಳು. ಈ ಕೆಲಸದಲ್ಲಿ ಅಳತೆಗಿಂತ ನಂಬಿಕೆಯೇ ಹೆಚ್ಚು ಎಂದು ತಿಳಿಯಲು ಅವಳಿಗೆ ಎರಡು ವರ್ಷ ಹಿಡಿದಿತ್ತು.

ದೀಪಗಳಿಗೆ ಸುದ್ದಿ ಹಂಚುವ ತಂತ್ರಾಂಶ ನೂರಾರು ಸಣ್ಣ ತುಣುಕುಗಳಿಂದ ಆದದ್ದು. ಯಾವ ತುಣುಕನ್ನು ತಿದ್ದಿದರೂ ಅದು ಸರಿಯಾಗಿ ನಡೆಯುತ್ತದೆಯೇ ಎಂದು ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ನಾಡಿ ನಿಂತಿತು ಎಂಬ ಉತ್ತರ ಬಂದರೆ ಕೆಂಪು ಹೊತ್ತುತ್ತದೆಯೇ? ಉತ್ತರವೇ ಬಾರದಿದ್ದರೆ? ಇದನ್ನು ನಿಜವಾದ ಡೇಟಾಬೇಸಿನ ಮೇಲೆ ಪರೀಕ್ಷಿಸಲಾಗದು, ಏಕೆಂದರೆ ನಾಡಿ ನಿಂತಿತು ಎಂದು ಅಲ್ಲಿ ಬರೆದ ಕ್ಷಣವೇ ಯಾರದೋ ಮನೆಯಲ್ಲಿ ಕೆಂಪು ಹೊತ್ತುತ್ತದೆ. ವಿನುತಾಗಿಂತ ಮೊದಲಿದ್ದ ಎಂಜಿನಿಯರ್ ಒಮ್ಮೆ ಹಾಗೆ ಮಾಡಿದ್ದ. ಬದುಕಿದ್ದ ಮಗನನ್ನು ಅರ್ಧ ನಿಮಿಷ ಕೊಂದವನನ್ನು ಹುಡುಕಿಕೊಂಡು ಒಬ್ಬ ತಾಯಿ ಪೊರಕೆ ಹಿಡಿದು ಮಹಡಿ ಹತ್ತಿ ಬಂದಿದ್ದಳು. ಅವನು ಆ ತಿಂಗಳೇ ವರ್ಗ ಮಾಡಿಸಿಕೊಂಡು ಹೋದ.

ಆದ್ದರಿಂದ ವಿನುತಾ ಒಂದು ಬದಲಿ ಕೊಂಡಿ ಮಾಡಿದ್ದಳು. ಡೇಟಾಬೇಸಿಗೆ ಹೋಗುವ ನಿಜವಾದ ಕೊಂಡಿಯ ಜಾಗದಲ್ಲಿ ಇದು ನಿಲ್ಲುತ್ತದೆ. ಕೇಳಿದ್ದಕ್ಕೆ ಅದರಂತೆಯೇ ಉತ್ತರ ಕೊಡುತ್ತದೆ. ಆದರೆ ಅದಕ್ಕೆ ಕಡಲೂ ಗೊತ್ತಿಲ್ಲ, ಉಪಗ್ರಹವೂ ಗೊತ್ತಿಲ್ಲ. ಹೇಳಿಕೊಟ್ಟ ಒಂದೆರಡು ಉತ್ತರ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಯಕ್ಷಗಾನದ ಹುಚ್ಚಿನ ರೆಬೆಲ್ಲೋ ಅದಕ್ಕೆ 'ವೇಷ' ಎಂದು ಹೆಸರಿಟ್ಟಿದ್ದರು. "ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟ ಮೇಲೆ ಅವನಿಗೆ ಯಾವ ರಾಜ್ಯ ಉಂಟು ಮಾರಾಯ್ತಿ? ಇದೂ ಹಾಗೆ."

ವೇಷಕ್ಕೆ ಒಂದು ಹೆಸರು ಹೇಳಿಕೊಡಬೇಕಿತ್ತು: ಒಂದು ದೋಣಿ, ಒಬ್ಬ ಮನುಷ್ಯ, ಒಂದು ನಾಡಿ. ತನ್ನ ದೋಣಿಯ ಹೆಸರನ್ನು ಕೊಡಲು ಬಂದರಿನಲ್ಲಿ ಒಬ್ಬನೂ ಒಪ್ಪಲಿಲ್ಲ. ಮೀನುಗಾರರ ಸಂಘದ ಸಭೆಯಲ್ಲಿ ಹಿರಿಯರೇ ಒಂದು ದಾರಿ ತೋರಿಸಿದರು. ಮುಳುಗಿದ ದೋಣಿಯ ಹೆಸರನ್ನು ನೆಲ್ಲಿಕೋಡಿಯಲ್ಲಿ ಮತ್ತೆ ಯಾವ ದೋಣಿಗೂ ಇಡುವುದಿಲ್ಲ. ಅದು ಕಡಲಿಗೆ ಸಂದ ಹೆಸರು. 'ಜಲದುರ್ಗಾ' ಎಂದು ಹಾಕಿಕೊಳ್ಳಿ, ಆ ಹೆಸರನ್ನು ಇನ್ನು ಯಾರೂ ಕೇಳುವುದಿಲ್ಲ ಎಂದರು. ಸಭೆಗೆ ಹೆಂಗಸರನ್ನು ಕರೆದಿರಲಿಲ್ಲ. ವಿನುತಾ ಹಳೆಯ ದಾಖಲೆಗಳಿಂದ ಜಲದುರ್ಗಾದ ಕೊನೆಯ ಸಾಲನ್ನು ತೆಗೆದು ವೇಷಕ್ಕೆ ಕಲಿಸಿದಳು. ಹೆಸರು ಸುಧಾಕರ ಮೊಗವೀರ, ನಾಡಿ ೭೪.

ತೊಡಕು ಬೇರೆ ಕಡೆ ಇತ್ತು. ಕರಾವಳಿಯ ಎಲ್ಲ ಬಂದರುಗಳಿಗೂ ಡೇಟಾಬೇಸ್ ಒಂದೇ ಆದ್ದರಿಂದ ಪ್ರತಿ ಬಂದರಿಗೆ ಒಂದೇ ಕೊಂಡಿ ಕೊಟ್ಟಿದ್ದರು. ಬೆಳಿಗ್ಗೆ ಒಮ್ಮೆ ತೆರೆದರೆ ಊರಿನ ಅಷ್ಟೂ ಮನೆಗಳ ಪ್ರಶ್ನೆಗಳು ಅದರಲ್ಲೇ ಹೋಗಿ ಬರಬೇಕು. ಪರೀಕ್ಷೆಗೆಂದು ಬೇರೆ ಯಂತ್ರವೂ ಇರಲಿಲ್ಲ. ಇನ್ನೊಂದು ಯಂತ್ರಕ್ಕೆ ಕಳಿಸಿದ ಬೇಡಿಕೆಗೆ ಮೇಲಿನವರು ಉತ್ತರ ಬರೆದಿರಲಿಲ್ಲ. ಹೀಗಾಗಿ ಪ್ರತಿ ಪರೀಕ್ಷೆಯೂ ಕ್ಷಣಮಾತ್ರ ಆ ಹಂಚಿಕೆಯ ಕೊಂಡಿಗೇ ವೇಷ ಹಾಕುತ್ತಿತ್ತು, ಕೆಲಸ ಮುಗಿಸಿ ಕೊನೆಯ ಸಾಲಿನಲ್ಲಿ ಕಳಚುತ್ತಿತ್ತು. ಅಷ್ಟು ಸಣ್ಣ ಅವಧಿ ಯಾವ ಮನೆಗೂ ತಿಳಿಯುತ್ತಿರಲಿಲ್ಲ.

ಆ ಮಂಗಳವಾರ ಒಂದು ಪರೀಕ್ಷೆ ನಡುವೆಯೇ ಮುರಿದುಬಿತ್ತು. ಕೊನೆಯ ಸಾಲು ತಲುಪಲೇ ಇಲ್ಲ. ವೇಷ ಕಳಚಲಿಲ್ಲ.

ವಿನುತಾ ಮುರಿದ ಪರೀಕ್ಷೆಯ ಕಾರಣ ಹುಡುಕುತ್ತ ಕೂತಳು. ಗೋಡೆಯ ದೊಡ್ಡ ಪರದೆಯಲ್ಲಿ ಎಲ್ಲ ದೋಣಿಗಳೂ ಹಸಿರಾಗಿಯೇ ಇದ್ದವು, ಏಕೆಂದರೆ ಉತ್ತರ ಬಾರದ ದೀಪ ಒಂದು ಗಂಟೆಯವರೆಗೆ ಹಳೆಯ ಬಣ್ಣವನ್ನೇ ಉಳಿಸಿಕೊಳ್ಳುವಂತೆ ಅದನ್ನು ಮಾಡಲಾಗಿತ್ತು. ಉಪಗ್ರಹಕ್ಕೆ ಮೋಡ ಅಡ್ಡ ಬಂದಾಗಲೆಲ್ಲ ಊರು ಹೆದರಬಾರದು ಎಂದು. ಬಹಳ ಹೊತ್ತಿನ ಮೇಲೆ, ಒಬ್ಬನ ನಾಡಿಯೂ ಏರದೆ ಇಳಿಯದೆ ನಿಂತಿರುವುದು ಅವಳ ಕಣ್ಣಿಗೆ ಬಿತ್ತು. ಬಲೆ ಎಳೆಯುವ ಹೊತ್ತಿನಲ್ಲಿ ಹಾಗಿರಲು ಸಾಧ್ಯವಿಲ್ಲ. ವೇಷವನ್ನು ಕಿತ್ತು ನಿಜವಾದ ಕೊಂಡಿ ಜೋಡಿಸಿದಳು. ಅಂಕಿಗಳು ಮತ್ತೆ ಕುಣಿಯತೊಡಗಿದವು. ಗಡಿಯಾರ ನೋಡಿದಾಗ ನಲವತ್ತೊಂದು ನಿಮಿಷ ಕಳೆದಿತ್ತು.

"ಯಾರಿಗಾದ್ರೂ ಎಂತಾದ್ರೂ ಆಯ್ತಾ?" ರೆಬೆಲ್ಲೋ ಕೇಳಿದರು.

"ಇಲ್ಲ ಸರ್. ಕಡಲು ಶಾಂತ ಉಂಟು. ಎಲ್ರೂ ಇದ್ದಾರೆ."

"ಹಾಗಾದ್ರೆ ಉಸಿರು ಬಿಡು ಮಾರಾಯ್ತಿ. ಯಾರಿಗೂ ಗೊತ್ತಾಗ್ಲಿಲ್ಲ."

ಆಗ ಅವಳ ಫೋನು ಬಡಿದುಕೊಂಡಿತು. ಶಶಿಕಲಾಳ ದನಿ ಬಾವಿಯ ತಳದಿಂದ ಬಂದಂತಿತ್ತು. "ವಿನುತಕ್ಕ, ನಮ್ಮನಿ ದೀಪ ಹೊತ್ತಿತ್ತ್. ಈಗ ಆರಿತ್. ಅತ್ತೆ ಹೊರಟ್ ನಿಂತಿದ್ರ್, ಬಂದರ ದಕ್ಕೆಗ್ ಹೋಯ್ಕಂಬ್ರ್. ಎಂತ ಇದ್?"

ವಿನುತಾ ಯಂತ್ರದ ದಾಖಲೆಯನ್ನು ತೆರೆದಳು. 'ಜಲದುರ್ಗಾ' ಎಂದು ಹುಡುಕಿದಳು. ಒಂದು ದೀಪ ಹದಿನೈದು ಸೆಕೆಂಡಿಗೊಮ್ಮೆ ಕೇಳುತ್ತಿತ್ತು: ಜಲದುರ್ಗಾ, ಸುಧಾಕರ, ಹೇಗಿದ್ದಾನೆ? ಡೇಟಾಬೇಸ್ ಪ್ರತಿ ಸಲವೂ ಹೇಳುತ್ತಿತ್ತು: ಅಂಥ ದಾಖಲೆ ಇಲ್ಲ. ಇಂದು, ನಿನ್ನೆ, ಕಳೆದ ವರ್ಷ, ಅದರ ಹಿಂದಿನ ವರ್ಷ. 'ಇಲ್ಲ' ಎಂಬ ಉತ್ತರಗಳನ್ನು ಕಸವೆಂದು ಯಾರೂ ಓದುತ್ತಿರಲಿಲ್ಲ. ಯಾರೂ ಕೇಳುವುದಿಲ್ಲ ಎಂದು ಆರಿಸಿದ ಹೆಸರನ್ನು, ಊರಿನಲ್ಲಿ ಬೇರೆಲ್ಲ ಹೆಸರುಗಳಷ್ಟೇ ತಪ್ಪದೆ, ಒಂದು ಅಡುಗೆಮನೆ ಕೇಳುತ್ತಲೇ ಇತ್ತು.

*

ವಿನುತಾ ಹೋಗುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಗುಲಾಬಕ್ಕ ಮದುವೆಮನೆಗೆ ಉಡುವ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಸ್ಟೀಲಿನ ಬುತ್ತಿ. ಅಡುಗೆಮನೆಯಿಂದ ಮೀನುಸಾರಿನ ಪರಿಮಳ ಬರುತ್ತಿತ್ತು.

"ಬಾ ಮಗಾ, ಕೂಕೋ. ನಿಮ್ ಮಷೀನ್ ಕೈಕೊಟ್ತ್ ಅಲ್ದಾ? ಈಗ ಆರಿತ್ ಕಾಣ್. ಮೋಡ ಅಡ್ಡ ಬಂತಾ ಎಂತ?"

"ಗುಲಾಬಕ್ಕ, ಅದ್ ಮೋಡ ಅಲ್ಲ. ಅದ್ ನಮ್ ತಪ್ಪ್. ಪರೀಕ್ಷೆ ಮಾಡೂಕೆ ಒಂದ್ ಸುಳ್ಳ್ ಉತ್ತರ ಇಟ್ಟಿದ್ದೆ. ಅದ್ ನಿಮ್ ಮನಿಗ್ ಬಂತ್."

"ಸುಳ್ಳ್ ಎಂತಕ್ಕೆ ನಮ್ಮನಿಗೇ ಬತ್ತ್?"

ವಿನುತಾ ಹೇಳಿದಳು. ದೋಣಿಯ ಹೆಸರು, ಸಂಘದ ಸಭೆ, ವೇಷ. ಗುಲಾಬಕ್ಕ ಪೂರ್ತಿ ಕೇಳಿದರು. ಅವರ ಮುಖದಲ್ಲಿ ಕೋಪ ಕಾಣಲಿಲ್ಲ. ಚಿಕ್ಕವರು ಆಡುವ ಮಾತನ್ನು ಸಹಿಸಿಕೊಳ್ಳುವ ನಗು ಇತ್ತು.

"ಇದನ್ನ್ ಗೋಡಿಗ್ ಹೊಡುಕೆ ಬಂದವ್ರ್ ಅವತ್ತ್ ಎಂತ ಹೇಳಿದ್ರ್ ಗೊತ್ತಿತ್ತಾ? ಮನ್ಷ ಸುಳ್ಳ್ ಹೇಳ್ತ, ಇದ್ ಹೇಳುದಿಲ್ಲೆ ಅಂದಿದ್ರ್. ಸುಧಾಕರನೇ ಸ್ಟೂಲ್ ಹಿಡ್ಕಂಡಿದ್ದ. ನೀ ಬಂದದ್ದ್ ಈಗ. ನಿಂಗೆಂತ ಗೊತ್ತಿತ್ತ್?"

ನೆರೆಮನೆಯ ಮುದುಕಿಯೊಬ್ಬಳು, "ಯಾವ್ದಾರೂ ಪರದೇಶದ ಹಡಗಿನವ್ರ್ ಎತ್ಕಂಡ್ ಹೋಯಿರ್ಲಕ್," ಎಂದಳು. ಯಾರೋ ಹೂಂಗುಟ್ಟಿದರು. ಗುಲಾಬಕ್ಕ ಬುತ್ತಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಶಶಿಕಲಾ ವಿನುತಾಳ ಕೈ ಹಿಡಿದು ಹಿತ್ತಲಿನ ಬಾವಿಕಟ್ಟೆಗೆ ಕರೆದೊಯ್ದಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು ಅವಳು. ಬೊಜ್ಜ ಆಗದ್ದರಿಂದ ಊರು ಅವಳನ್ನು ವಿಧವೆ ಎನ್ನಲಿಲ್ಲ. ಹೆಂಡತಿ ಎನ್ನಲು ಗಂಡನಿರಲಿಲ್ಲ. ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಆಗಿರುವ ಉಮೇಶ ಅವಳನ್ನು ಮದುವೆಯಾಗುತ್ತೇನೆಂದು ಕೇಳಿ ಎರಡು ವರ್ಷವಾಗಿತ್ತು. ಸತ್ತನೆಂದು ಮನೆಯವರೇ ಹೇಳದೆ ನಾನು ಹೇಗೆ ತಾಳಿ ಕಟ್ಟಲಿ ಎಂದು ಅವನೂ ಕಾದಿದ್ದ. ಈ ಗಣೇಶ ಚೌತಿಗೆ ಗುಲಾಬಕ್ಕನೇ ಬಾಯಿಬಿಟ್ಟು, "ಬೊಜ್ಜ ಮಾಡ್ವ. ನಿಂಗೆಂತಕ್ಕೆ ನನ್ನೊಟ್ಟಿಗ್ ಕೊಳಿಯುದ್," ಎಂದಿದ್ದರು.

"ಹೇಂಗಾರೂ ಅವ್ರಿಗ್ ತಿಳಿಯುಹಾಂಗ್ ಹೇಳಿ ಅಕ್ಕ," ಎಂದಳು ಶಶಿಕಲಾ. "ಈಗ ತಪ್ರೆ ಅವ್ರ್ ಇನ್ ಒಪ್ಪುದಿಲ್ಲೆ. ದೀಪದ್ ಎದ್ರೇ ಕೂಕಂತ್ರ್. ನಾನೂ ಕೂಕಣ್ಕ್."

"ಹೇಳ್ತೆ. ನಂದೇ ತಪ್ಪಲ್ದಾ."

ಶಶಿಕಲಾ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಮತ್ತೆ ಬಹಳ ಮೆಲ್ಲಗೆ, "ಹಸ್ರ್ ಕಂಡ್ ಕೂಡ್ಲೆ ನಂಗೆಂತ ಆಯ್ತ್ ಗೊತ್ತಿತ್ತಾ? ಅವ್ರ್ ಬಪ್ಪುದ್ ಬ್ಯಾಡ ಅಂತ ಆಯ್ತ್," ಎಂದಳು. "ಒಳ್ಳೆ ಮನ್ಷ ಅಕ್ಕ. ಒಂದಿನ ಗದರ್ಲಿಲ್ಲೆ. ಆದ್ರೂ ನಂಗ್ ಹಾಂಗಾಯ್ತ್."

ವಿನುತಾ ಅವಳ ಬೆರಳಿನಿಂದ ಹಗ್ಗ ಬಿಡಿಸಿದಳು. ಬೆರಳು ಬಿಳಿಚಿಕೊಂಡಿತ್ತು.

*

"ಒಂದು ಕ್ಷಮಾಪಣೆ ಪತ್ರ ಬರೆದು ಕೊಡುವ. ದೀಪ ವಾಪಸ್ ತಗೊಳ್ಳುವ," ಎಂದರು ರೆಬೆಲ್ಲೋ.

"ಪತ್ರ ಓದಿ ಅವ್ರು ನಂಬ್ತಾರಾ ಸರ್? ಕಣ್ಣಿಂದ ಕಂಡದ್ದಕ್ಕೆ ಕಣ್ಣಿಂದಲೇ ಉತ್ತರ ಕೊಡ್ಬೇಕು. ಅವ್ರ ಎದುರು ವೇಷ ಹಾಕ್ತೇನೆ, ಕಳಚ್ತೇನೆ."

ರೆಬೆಲ್ಲೋ ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ತಾಯಿ ಎದುರು ಮಗನನ್ನು ಮತ್ತೊಮ್ಮೆ ಮುಳುಗಿಸ್ತಿ."

"ಹೌದು ಸರ್. ಬೇರೆ ದಾರಿ ಉಂಟಾ?"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಹಾಕಿದಷ್ಟು ಹೊತ್ತು ಇಡೀ ಊರಿಗೆ ಸುದ್ದಿ ಬರೂದಿಲ್ಲ, ನೆನಪಿರ್ಲಿ. ಎರಡೇ ನಿಮಿಷ. ಮಾಡುವ ಜವಾಬ್ದಾರಿ ನಿಂದಲ್ಲ, ನಂದು ಅಂತ ಬರ್ಕೋ."

ಬುಧವಾರ ಹನ್ನೊಂದು ಗಂಟೆಗೆ ಗುಲಾಬಕ್ಕ ಮಹಡಿ ಹತ್ತಿ ಬಂದರು. ಗೋಡೆಯಿಂದ ಬಿಚ್ಚಿದ ದೀಪವನ್ನು ಬೈರಾಸಿನಲ್ಲಿ ಸುತ್ತಿ ಶಿಶುವಿನಂತೆ ಎದೆಗೊತ್ತಿ ಹಿಡಿದಿದ್ದರು. ಶಶಿಕಲಾ ಹಿಂದೆ ಬಂದಳು. ರೆಬೆಲ್ಲೋ ತಮ್ಮ ಕುರ್ಚಿಯನ್ನೇ ಕೊಟ್ಟರು. ಗುಲಾಬಕ್ಕ ಗೋಡೆಯ ಪರದೆಯಲ್ಲಿ ಕುಣಿಯುತ್ತಿದ್ದ ಹಸಿರು ಚುಕ್ಕೆಗಳನ್ನು ನೋಡಿ, "ಇದೆಲ್ಲ ನಮ್ ಗಂಡ್‌ಮಕ್ಕಳಾ?" ಎಂದು ಕೇಳಿದರು.

"ಹೌದ್ ಗುಲಾಬಕ್ಕ. ಒಂದೊಂದ್ ಚುಕ್ಕಿ ಒಂದೊಂದ್ ದೋಣಿ."

ದೀಪವನ್ನು ವಿದ್ಯುತ್ತಿಗೆ ಜೋಡಿಸಿ ಅವರ ಮಡಿಲಲ್ಲಿಟ್ಟರು. ಅದು ಉರಿಯಲಿಲ್ಲ.

"ಈಗ ಇದ್ ನಿಜದ್ ಕೊಂಡಿ. ಸುಧಾಕರಣ್ಣ ಹೇಂಗಿದ್ರ್ ಅಂತ ದೀಪ ಕೇಳ್ತಾ ಇತ್ತ್. ಅಲ್ಲಿಂದ ಇಲ್ಲೆ ಅಂತ ಬತ್ತಾ ಇತ್ತ್," ಎಂದಳು ವಿನುತಾ. "ಈಗ ನಾನ್ ವೇಷ ಹಾಕ್ತೆ."

ಒಂದು ಸಾಲು ಬರೆದು ಕೀಲಿ ಒತ್ತಿದಳು. ಗುಲಾಬಕ್ಕನ ಅಂಗೈ ಹಸಿರಾಯಿತು. ೭೪. ಗೋಡೆಯ ಪರದೆಯಲ್ಲಿ ಉಳಿದೆಲ್ಲ ಅಂಕಿಗಳು ಅಲುಗಾಡದೆ ನಿಂತವು.

"ಈಗ ಕಳಚ್ತೆ."

ಹಸಿರು ಹೋಯಿತು. ಗುಲಾಬಕ್ಕ ದೀಪವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರು.

"ಮತ್ತೊಂದ್ ಸಲ."

ವಿನುತಾ ಹಾಕಿದಳು. ೭೪. ಈ ಸಲ ತೆಗೆಯಲಿಲ್ಲ. ತೆಗೆಯಲು ಅವರು ಹೇಳಲಿ ಎಂದು ಕೈ ಕಟ್ಟಿ ಕೂತಳು.

"ನೀ ಹಾಕ್ರೆ ಬತ್ತ. ತೆಗ್ದ್ರೆ ಹೋತ," ಎಂದರು ಗುಲಾಬಕ್ಕ. ಅವರ ದನಿ ಈಗ ನಿನ್ನೆಯದಾಗಿರಲಿಲ್ಲ. "ಇದ್ರಂಗೆ ಸತ್ಯ ಅಂಬುದ್ ಎಂತಾರೂ ಇತ್ತಾ ಮಗಾ?"

"ಎಪ್ಪತ್ನಾಲ್ಕ್ ಸತ್ಯ. ಅದ್ ನಾನ್ ಹುಟ್ಸದ್ದಲ್ಲ. ಅವ್ರ್ ಮಣಿಯಿಂದ ಕಡಿಗ್ ಬಂದ ಲೆಕ್ಕ."

"ಕಡಿಗ್ ಬಂದದ್ದಾ? ಹಾಂಗಾರೆ ಅವ ಹೆದ್ರಿರ್ಲಿಲ್ಲೆ."

ಹೌದು ಎಂದರೆ ಮುಗಿಯುತ್ತಿತ್ತು. ಶಶಿಕಲಾ ವಿನುತಾಳ ಮುಖವನ್ನೇ ನೋಡುತ್ತಿದ್ದಳು. ಮಣಿಯ ಸುದ್ದಿ ಬರುವುದು ಹತ್ತು ನಿಮಿಷಕ್ಕೊಮ್ಮೆ. ಮುಂದಿನ ಹತ್ತು ನಿಮಿಷದಲ್ಲಿ ಆ ಎದೆ ಏನೇನು ಹೊಡೆದುಕೊಂಡಿತೋ ಯಾವ ದಾಖಲೆಯಲ್ಲೂ ಇಲ್ಲ. ಈ ತಾಯಿಗೆ ಇನ್ನೊಂದು ಸುಳ್ಳು ಉತ್ತರ ಕೊಡಲು ವಿನುತಾಗೆ ಮನಸ್ಸು ಬರಲಿಲ್ಲ.

"ಆ ಲೆಕ್ಕ ಬಪ್ಪೊತ್ತಿಗ್ ಹೆದ್ರಿರ್ಲಿಲ್ಲೆ ಗುಲಾಬಕ್ಕ. ಅದ್ರ್ ಮೇಲಿಂದ್ ನಮ್ಗ್ ಗೊತ್ತಿಲ್ಲೆ."

ಗುಲಾಬಕ್ಕ ತಲೆಯಾಡಿಸಿದರು. ದೀಪದ ಬೆಚ್ಚನೆಯ ಗಾಜಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ರೆಬೆಲ್ಲೋ ಗಡಿಯಾರ ನೋಡಿದರು, ವಿನುತಾಳನ್ನು ನೋಡಿದರು. ಅವರ ಎರಡು ನಿಮಿಷ ಆಗಲೇ ಮುಗಿದಿತ್ತು.

"ಇನ್ ಚೂರ್ ಹೊತ್ ಇರ್ಲಿ. ಯಾರಿಗೆಂತ ನಷ್ಟ," ಎಂದರು ಗುಲಾಬಕ್ಕ. ಮತ್ತೆ ತಲೆ ಎತ್ತಿ ಗೋಡೆಯ ಪರದೆಯತ್ತ ನೋಡಿ, "ಅವೆಲ್ಲ ಎಂತಕ್ಕೆ ಕುಣಿಯುದ್ ನಿಂತಿತ್?" ಎಂದು ಕೇಳಿದರು.

"ಕೊಂಡಿ ಊರಿಗೆಲ್ಲ ಒಂದೇ ಗುಲಾಬಕ್ಕ. ವೇಷ ಹಾಕಿದಷ್ಟ್ ಹೊತ್ ಯಾರ ಮನಿಗೂ ಸುದ್ದಿ ಹೋಪುದಿಲ್ಲೆ. ಅವ್ರೆಲ್ಲ ಹಳೇ ಬಣ್ಣ ಕಾಣ್ತಾ ಇದ್ರ್."

"ಅಂದ್ರೆ ಈಗ ಯಾರಾರೂ ಮುಳುಗ್ರೆ?"

"ಗೊತ್ತಾಪುದಿಲ್ಲೆ."

ಗುಲಾಬಕ್ಕನ ಹೆಬ್ಬೆರಳು ನಿಂತಿತು. ಅವರು ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ದೀಪದ ಮೇಲೆ ಬೈರಾಸು ಮುಚ್ಚಿದರು. ಬಟ್ಟೆಯೊಳಗಿಂದಲೂ ಹಸಿರು ಕಾಣುತ್ತಿತ್ತು.

"ತೆಗಿ," ಎಂದರು. "ಬೇಗ ತೆಗಿ ಹೆಣ್ಣೆ. ಅವ್ರ್ ಮಕ್ಕಳ್ ಹೊರ್ಗ್ ಇದ್ರ್."

ವಿನುತಾ ಕೀಲಿ ಒತ್ತಿದಳು. ಗೋಡೆಯ ಅಂಕಿಗಳು ಮತ್ತೆ ಓಡತೊಡಗಿದವು. ಬೈರಾಸು ಬರೀ ಬೈರಾಸಾಯಿತು. ಕೆಳಗೆ ಐಸ್ ಒಡೆಯುವ ಸದ್ದು ಕೇಳುತ್ತಿತ್ತು.

ಹೊರಡುವಾಗ ಗುಲಾಬಕ್ಕ ಬಾಗಿಲಲ್ಲಿ ತಿರುಗಿ, "ಕಡಿಗ್ ಬಂದ ಲೆಕ್ಕದಂಗೆ ಜಾಗವೂ ಇತ್ತಾ?" ಎಂದು ಕೇಳಿದರು.

"ಇತ್ತ್."

"ಹಾಂಗಾರೆ ಭಾನುವಾರ ನೀನೂ ಬಾ. ತೋರ್ಸ್."

ಅಂದು ಸಂಜೆ ವಿನುತಾ ತಂತ್ರಾಂಶ ತಿದ್ದಿದಳು. ಪರೀಕ್ಷೆ ಮುಗಿಯಲಿ, ಮುರಿಯಲಿ, ವೇಷ ಕಳಚಿಯೇ ತೀರುವಂತೆ ಮಾಡಿದಳು. ಸುಧಾಕರನ ಹೆಸರನ್ನೂ ನಾಡಿಯನ್ನೂ ವೇಷದಿಂದ ಅಳಿಸಿ, ಯಾವ ತಾ​ಯಿಯೂ ಹೆರದ ಒಂದು ಹೆಸರನ್ನು ಕಟ್ಟಿ ಹಾಕಿದಳು. ಕೊನೆಯ ಸಲ ಪರೀಕ್ಷೆಗಳನ್ನು ನಡೆಸಿದಾಗ ಎಲ್ಲವೂ ತೇರ್ಗಡೆಯಾದವು. ಅವಳಿಗೆ ಸಮಾಧಾನವಾಗಲಿಲ್ಲ. ತೇರ್ಗಡೆಯಾದದ್ದು ತಾನು ಹೇಳಿಕೊಟ್ಟ ಉತ್ತರಗಳ ಎದುರಿಗೆ ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು.

*

ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲಿ, ದೇಹ ಸಿಗದವರಿಗೆ ಮಾಡುವಂತೆ, ದರ್ಭೆಯ ಬೊಂಬೆ ಮಾಡಿ ಸುಟ್ಟರು. ಬೂದಿಯನ್ನು ಮಣ್ಣಿನ ಕುಡಿಕೆಯಲ್ಲಿ ತುಂಬಿಕೊಂಡು ದೋಣಿ ಹತ್ತಿದರು. ನಡೆಸುತ್ತಿದ್ದವರು ಗುಲಾಬಕ್ಕನ ತಮ್ಮ ವಾಸು, ಸುಧಾಕರನ ಸೋದರಮಾವ. ದೋಣಿ ಅಳಿವೆ ದಾಟಿತು. ಅಲ್ಲಿಂದ ಮುಂದೆ ವಿನುತಾ ಹಳೆಯ ದಾಖಲೆಯ ಅಕ್ಷಾಂಶ ರೇಖಾಂಶಗಳನ್ನು ಹೇಳುತ್ತ ಹೋದಳು. ವಾಸು ಚುಕ್ಕಾಣಿ ತಿರುಗಿಸುತ್ತ ಹೋದರು. ದಡ ಮೊದಲು ಗೆರೆಯಾಯಿತು, ಆಮೇಲೆ ಅದೂ ಹೋಯಿತು.

"ಇಲ್ಲೇ," ಎಂದಳು ವಿನುತಾ.

ವಾಸು ಎಂಜಿನ್ ನಿಲ್ಲಿಸಿದರು. ಗುರುತು ಎನ್ನಲು ಅಲ್ಲಿ ಏನೂ ಇರಲಿಲ್ಲ. ಎಲ್ಲ ಕಡೆಯಂತೆ ನೀರು.

ಗುಲಾಬಕ್ಕ ಬೂದಿ ಬಿಟ್ಟರು. ಅದು ಒಂದು ಮೊಳ ದೂರ ತೇಲಿ ಹರಡಿ ಹೋಯಿತು. ಆಮೇಲೆ ಸೊಸೆಯನ್ನು ಹತ್ತಿರ ಕರೆದು, ಅವಳ ಕುತ್ತಿಗೆಯ ಹಿಂದೆ ಕೈ ಹಾಕಿ ಕರಿಮಣಿಯ ಕೊಂಡಿ ಬಿಚ್ಚಿದರು.

"ಅತ್ತೆ, ನಾನ್ ಅವತ್ತ್ ದೀಪ ಕಂಡ್..." ಎಂದಳು.

"ಗೊತ್ತಿತ್ತ್. ಬಾಗ್ಲಂಗೆ ನಿಂತಿದ್ದಿಯಲೆ, ನಿನ್ ಮುಖ ಕಂಡಿದ್ದೆ," ಎಂದರು ಗುಲಾಬಕ್ಕ. "ಅದ್ ಪಾಪ ಅಲ್ಲ ಹೆಣ್ಣೆ. ಏಳ್ ವರ್ಷ ಅನ್ನ ಬೇಯ್ಸಿ ಹಾಕಿದ್ದಿ ನಂಗೆ. ಉಮೇಶಂಗೆ ಹೇಳ್, ನಾನೇ ಬಂದ್ ಮಾತಾಡ್ತೆ ಅಂತ."

ಶಶಿಕಲಾ ಅವರ ಮಡಿಲಲ್ಲಿ ಮುಖ ಹುದುಗಿಸಿದಳು. ಸಂತೋಷಕ್ಕೆ ಅಳುತ್ತಿರುವಂತೆ ಕಾಣಲಿಲ್ಲ. ದುಃಖಕ್ಕೆ ಎನ್ನಲೂ ವಿನುತಾಗೆ ಧೈರ್ಯವಾಗಲಿಲ್ಲ. ಗುಲಾಬಕ್ಕ ಒಂದು ಕೈಯಿಂದ ಅವಳ ತಲೆ ಸವರುತ್ತ ಇನ್ನೊಂದು ಕೈಯನ್ನು ದೋಣಿಯಾಚೆ ನೀರಿಗೆ ಇಳಿಬಿಟ್ಟರು. ಕರಿಮಣಿ ಬೆರಳುಗಳಿಂದ ಜಾರಿತು. ಮುಳುಗುತ್ತ ಒಮ್ಮೆ ಹೊಳೆಯಿತು.

ಅವರ ಕೈ ಮಾತ್ರ ಬಹಳ ಹೊತ್ತು ನೀರಿನಲ್ಲೇ ಇತ್ತು, ಏನನ್ನೋ ತಡಕುವಂತೆ.

"ವಾಸೂ," ಎಂದರು ಕೊನೆಗೆ. "ಇಲ್ ಆಳ ಎಷ್ಟಿತ್ತ್?"

ವಾಸು ಚುಕ್ಕಾಣಿಯ ಪಕ್ಕದ ಪುಟ್ಟ ಪರದೆಯ ಕಡೆ ಬಾಗಿದರು. ದೋಣಿಯ ತಳದಿಂದ ಹೊರಟ ಸದ್ದು ಕಡಲತಳ ಮುಟ್ಟಿ ಹಿಂತಿರುಗಿತು. ಅವರು ಅಂಕಿಯನ್ನು ಎರಡು ಸಲ ನೋಡಿ ಹೇಳಿದರು.

೩೧.೬ ಮೀಟರ್.